‘ಬೆಂಗಳೂರಿನ ಹತ್ತಿರ’ ಅಂತ ಹೇಳಬೇಕಾಗದ ಒಂದು ದಿನ

ಇಂಗ್ಲೆಂಡಿಗೆ ಓದೋಕೆ ಹೋದ ಮೇಲೆ ನಾನು ಅತಿ ಹೆಚ್ಚು ಸಲ ಆಡಿದ ಮಾತು ‘ಬೆಂಗಳೂರಿನ ಹತ್ತಿರ’. ನಿಮ್ಮೂರು ಯಾವುದು ಅಂತ ಕೇಳಿದರೆ ಮೊದಮೊದಲು ಕೋಲಾರ ಅನ್ನುತ್ತಿದ್ದೆ. ಎದುರಿಗಿದ್ದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಕೋಲಾರ, ಬೆಂಗಳೂರಿನ ಹತ್ತಿರ ಅಂದೆ. ಎರಡು ತಿಂಗಳಲ್ಲಿ ಕೋಲಾರ ಬಿಟ್ಟುಹೋಗಿ ಬರೀ ಬೆಂಗಳೂರು ಉಳಿಯಿತು. ಹಾಗೆ ಹೇಳುವಾಗೆಲ್ಲ ಮನಸ್ಸಿಗೆ ಸ್ವಲ್ಪ ಕಸಿವಿಸಿ. ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ, ಬೆಳೆದದ್ದು ಬಂಗಾರಪೇಟೆಯಲ್ಲಿ. ಬೆಂಗಳೂರು ಅಂದರೆ ನಮಗೆ ಅಪ್ಪ ದಿನಾ ಬೆಳಗ್ಗೆ ಕತ್ತಲಲ್ಲೇ ರೈಲು ಹತ್ತಿ ಹೋಗಿ ರಾತ್ರಿ ವಾಪಸ್ ಬರುವ ಊರು, ಅಷ್ಟೇ.

ಈಗ ಕೋರ್ಸ್ ಮುಗಿಸಿ ಮನೆಗೆ ಬಂದಿದ್ದೇನೆ. ಅಲ್ಲಿ ಏನೇನು ನೋಡಿದೆ ಅಂತ ಎಲ್ಲರೂ ಕೇಳುತ್ತಾರೆ. ಲಂಡನ್ ನೋಡಿದೆ, ಸೇತುವೆ ನೋಡಿದೆ, ಫೋಟೋ ಇದೆ. ಆದರೆ ನನಗೆ ಹೇಳಬೇಕು ಅನ್ನಿಸುವುದು ಒಂದೇ ಒಂದು ದಿನದ ಕಥೆ. ಮೇ ತಿಂಗಳ ಒಂದು ಭಾನುವಾರ.

ನಾನಿದ್ದದ್ದು ಕಾರ್ನ್‌ವಾಲ್‌ನಲ್ಲಿ. ಇಂಗ್ಲೆಂಡಿನ ನೈರುತ್ಯದ ತುದಿ. ನಕ್ಷೆಯಲ್ಲಿ ನೋಡಿದರೆ ಸಮುದ್ರಕ್ಕೆ ಚಾಚಿದ ಕಾಲಿನ ಹಾಗೆ ಕಾಣುತ್ತದೆ. ಅಲ್ಲಿನ ಪೆನ್ರಿನ್ ಅನ್ನೋ ಪುಟ್ಟ ಊರಿನ ಕ್ಯಾಂಪಸ್‌ನಲ್ಲಿ ಗಾಳಿ, ಸೋಲಾರ್ ವಿದ್ಯುತ್ತಿನ ಬಗ್ಗೆ ಓದುತ್ತಿದ್ದೆ. ಭಾನುವಾರ ಬಂದರೆ ಎಲ್ಲರೂ ಎಲ್ಲಿಗಾದರೂ ಹೊರಡುತ್ತಿದ್ದರು. ನಾನು ದುಡ್ಡು ಉಳಿಸೋಕೆ ರೂಮಲ್ಲೇ ಇರುತ್ತಿದ್ದೆ. ಆವತ್ತು ಮಾತ್ರ ಪಕ್ಕದ ರೂಮಿನ ಕೇರಳದ ಹುಡುಗಿ ಬಿಡಲಿಲ್ಲ. ಇನ್ನಿಬ್ಬರು ಕ್ಲಾಸಿನವರೂ ಸೇರಿ ನಾಲ್ಕು ಜನ, ಟ್ರೂರೋದಲ್ಲಿ ರೈಲು ಬದಲಾಯಿಸಿ ಪೆನ್‌ಜಾನ್ಸ್‌ಗೆ ಹೋಗಿ, ಅಲ್ಲಿಂದ ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದು ಲ್ಯಾಂಡ್ಸ್ ಎಂಡ್‌ಗೆ ಹೋದೆವು.

ಲ್ಯಾಂಡ್ಸ್ ಎಂಡ್ ಚೆನ್ನಾಗಿದೆ. ಬಂಡೆ, ಕಡಲು, ಗಾಳಿ. ನ್ಯೂಯಾರ್ಕ್ 3147 ಮೈಲಿ ಅಂತ ಬರೆದ ಬಿಳಿ ಕಂಬದ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಬೆಂಚಿನ ಮೇಲೆ ಕೂತು ಪಾಸ್ಟಿ ತಿಂದೆವು. ಪಾಸ್ಟಿ ನೋಡಿದರೆ ಅಮ್ಮ ಹಬ್ಬಕ್ಕೆ ಮಾಡುವ ಕರಿಗಡುಬಿನ ಅಣ್ಣನ ಹಾಗೆ. ಅದೇ ಅರ್ಧಚಂದ್ರದ ಆಕಾರ, ಅಂಚನ್ನು ಬೆರಳಲ್ಲಿ ಮಡಚುತ್ತಾ ಹೋದ ಅದೇ ಜಡೆಯಂಥ ಹೆಣಿಗೆ. ಆದರೆ ಅಂಗೈಗಿಂತ ದೊಡ್ಡದು. ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ. ನಾನು ಚೀಸ್ ಹಾಕಿದ್ದು ತಗೊಂಡೆ. ಇದು ಗಣಿ ಕೆಲಸದವರ ಬುತ್ತಿ ಅಂತ ಅಂಗಡಿಯವರು ಹೇಳಿದರು. ನಾನು ಅದನ್ನು ಅಷ್ಟು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಅದೇ ದಾರಿಯ ಬಸ್ಸಿನಲ್ಲಿ ಸೇಂಟ್ ಐವ್ಸ್‌ಗೆ ಹೋಗಿ ಮರಳಿನ ತೀರದಲ್ಲಿ ಸಂಜೆ ಕಳೆಯೋದು ಅಂತ ನಮ್ಮ ಪ್ಲಾನ್. ಬಸ್ಸು ಸೇಂಟ್ ಜಸ್ಟ್ ದಾಟಿತು. ಎಡಕ್ಕೆ ಸಮುದ್ರ, ಬಲಕ್ಕೆ ಕಲ್ಲಿನ ಬೇಲಿ ಹಾಕಿದ ಪುಟ್ಟ ಪುಟ್ಟ ಹೊಲ. ಹಾಗೇ ನೋಡುತ್ತಾ ಕೂತಿದ್ದವಳಿಗೆ ಪೆಂಡೀನ್ ಅನ್ನೋ ಹಳ್ಳಿಯ ಹತ್ತಿರ, ಮನೆಗಳ ಹಿಂದೆ, ಕಬ್ಬಿಣದ ಗೋಪುರ ಕಾಣಿಸಿತು. ಮೇಲೆ ಚಕ್ರ.

ಕೆಜಿಎಫ್‌ನವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಗಣಿಯ ಬಾಯಿಯ ಮೇಲೆ ನಿಲ್ಲಿಸುವ ಗೋಪುರ ಅದು. ಚಕ್ರದ ಮೇಲೆ ಉಕ್ಕಿನ ಹಗ್ಗ ಓಡುತ್ತದೆ, ಹಗ್ಗದ ತುದಿಯಲ್ಲಿ ಕೇಜ್, ಕೇಜ್‌ನಲ್ಲಿ ಮನುಷ್ಯರು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೋಗುವ ರೈಲಲ್ಲಿ ಕೂತರೆ ಇಂಥ ಗೋಪುರಗಳು ಕಾಣುತ್ತವೆ. ಚಿಕ್ಕವಳಿದ್ದಾಗ ಎಲ್ಲ ಊರಲ್ಲೂ ದೇವಸ್ಥಾನದ ಗೋಪುರ ಇರುವ ಹಾಗೆ ಇದೂ ಇರುತ್ತದೆ ಅಂದುಕೊಂಡಿದ್ದೆ. ಎಂಟು ಸಾವಿರ ಕಿಲೋಮೀಟರಿಗಿಂತ ದೂರದಲ್ಲಿ ಆ ಗೋಪುರ ಕಂಡಾಗ ನನಗೆ ಯೋಚನೆ ಮಾಡೋಕೂ ಆಗಲಿಲ್ಲ. ಎದ್ದು ಬೆಲ್ ಒತ್ತಿದೆ. ನೀವು ಹೋಗಿ, ನಾನು ಆಮೇಲೆ ಬರ್ತೀನಿ ಅಂತ ಗೆಳೆಯರಿಗೆ ಹೇಳಿ ಒಬ್ಬಳೇ ಇಳಿದೆ.

ಅದು ಗೀವರ್ ಅನ್ನೋ ತವರದ ಗಣಿ. 1990ರಲ್ಲಿ ಕೆಲಸ ನಿಂತಿತು. ಈಗ ಮ್ಯೂಸಿಯಂ. ಸುತ್ತಮುತ್ತಲಿನ ಹಳೇ ಗಣಿಗಳ ನೆಲವನ್ನೆಲ್ಲ ಸೇರಿಸಿ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿದೆ. ಟಿಕೆಟ್ ತಗೊಂಡೆ. ತಲೆಗೆ ಹೆಲ್ಮೆಟ್, ಮೈಮೇಲೆ ಒಂದು ಕೋಟು ಕೊಟ್ಟು ಏಳೆಂಟು ಜನರ ಗುಂಪಿಗೆ ಸೇರಿಸಿದರು. ನಮ್ಮ ಗೈಡ್ ಎಪ್ಪತ್ತು ದಾಟಿದ ಯಜಮಾನರು, ಅದೇ ಗಣಿಯಲ್ಲಿ ಕೆಲಸ ಮಾಡಿದವರು. ಕಾರ್ನ್‌ವಾಲ್‌ನ ಹಿರಿಯರು ಗೊತ್ತಿಲ್ಲದವರನ್ನೂ ‘ಮೈ ಲವರ್’ ಅಂತ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ಬೆಚ್ಚಿದ್ದೆ. ಆಮೇಲೆ ಗೊತ್ತಾಯಿತು, ಅದು ನಮ್ಮ ‘ಕಣಮ್ಮ’ ಇದ್ದ ಹಾಗೆ. ಯಾವ ದೇಶ ಕಣಮ್ಮ ಅಂದರು. ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ? ಬಾಯಿ ತುದಿಯಲ್ಲಿ ಬೆಂಗಳೂರು ಇತ್ತು. ಏನನ್ನಿಸಿತೋ, ಕೋಲಾರ ಅಂದೆ.

ಅವರು ನಿಂತುಬಿಟ್ಟರು. “ಕೋಲಾರ್ ಗೋಲ್ಡ್ ಫೀಲ್ಡ್ಸ್?”

ಹೂಂ ಅಂದೆ. ನಮ್ಮಪ್ಪ ನಂದಿದುರ್ಗ ಗಣಿಯಲ್ಲಿದ್ದರು, ತಾತ ಚಾಂಪಿಯನ್ ರೀಫ್‌ನಲ್ಲಿ ಅಂದೆ. ಅವರು ಗುಂಪಿನ ಕಡೆ ತಿರುಗಿ, ಈ ಹುಡುಗಿ ಗಣಿಯವರ ಮನೆಯ ಮಗಳು, ಇವಳ ತಾತ ಇಳಿಯುತ್ತಿದ್ದ ಗಣಿ ಒಂದು ಕಾಲಕ್ಕೆ ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು ಅಂತ ಎಲ್ಲರಿಗೂ ಹೇಳಿದರು. ಅಷ್ಟು ತಿಂಗಳಲ್ಲಿ ನಾನು ‘ಬೆಂಗಳೂರಿನ ಹತ್ತಿರ’ ಅಂತ ಸೇರಿಸಬೇಕಾಗದೇ ಇದ್ದದ್ದು ಅದೊಂದೇ ಸಲ. ನನಗೆ ಗಂಟಲು ಕಟ್ಟಿತು.

ಅವರಿಗೆ ಗೊತ್ತಿರುವುದರಲ್ಲಿ ಆಶ್ಚರ್ಯವಿಲ್ಲ. 1880ರಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಲಂಡನ್ನಿನ ಕಂಪನಿ. ಅವರು ಗಣಿ ಕೆಲಸ ಗೊತ್ತಿದ್ದವರನ್ನು ಕರೆತಂದದ್ದು ಕಾರ್ನ್‌ವಾಲ್‌ನಿಂದ. ಆಗಲೇ ಅಲ್ಲಿ ತಾಮ್ರ, ತವರದ ಬೆಲೆ ಬಿದ್ದು ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಊರಿಗೆ ಊರೇ ಹೊರಟಿತು. ಮೆಕ್ಸಿಕೋ, ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾ, ಮತ್ತೆ ನಮ್ಮ ಕೋಲಾರ. ಹೊರದೇಶಗಳಲ್ಲಿ ಅವರಿಗೆ ‘ಕಸಿನ್ ಜ್ಯಾಕ್’ ಅಂತ ಹೆಸರು. ಇನ್ನೊಬ್ಬ ಕೆಲಸಗಾರ ಬೇಕು ಅಂದರೆ ಊರಲ್ಲಿ ನನ್ನ ಕಸಿನ್ ಜ್ಯಾಕ್ ಇದ್ದಾನೆ, ಕರೆಸ್ತೀನಿ ಅನ್ನುತ್ತಿದ್ದರಂತೆ. ನಮ್ಮ ತಾತನೂ ಹಾಗೇ ಬಂದದ್ದು. ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ ಮಳೆ ಇಲ್ಲದೆ ಹೊಲ ಬಿದ್ದಿತ್ತು. ಅವರ ಭಾವ ಗಣಿಯಲ್ಲಿದ್ದರು, ನನ್ನ ಬಾಮೈದ ಇದ್ದಾನೆ ಅಂತ ಮೇಸ್ತ್ರಿಗೆ ಹೇಳಿ ಸೇರಿಸಿದರು.

ಒಂದು ವಿಷಯ ಮಾತ್ರ ಮುಚ್ಚಿಡಬಾರದು. ಕಾರ್ನ್‌ವಾಲ್‌ನವರೂ ನಮ್ಮವರೂ ಒಂದೇ ಗಣಿಗೆ ಇಳಿದರೂ ಮೇಲೆ ಬಂದಾಗ ಸೇರುತ್ತಿದ್ದ ಮನೆ ಒಂದೇ ಥರ ಇರಲಿಲ್ಲ. ಅವರಿಗೆ ಬಂಗಲೆ, ಕ್ಲಬ್ಬು. ನಮ್ಮವರಿಗೆ ಲೈನ್ ಮನೆ, ತಟ್ಟಿ ಗೋಡೆಯ ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಆರೇಳು ಜನ. ಕೆಜಿಎಫ್‌ಗೆ ‘ಪುಟ್ಟ ಇಂಗ್ಲೆಂಡ್’ ಅಂತ ಹೆಸರಿತ್ತು ಅಂತ ಈಗಲೂ ಪ್ರೀತಿಯಿಂದ ಹೇಳುತ್ತಾರೆ. ತಾತ ಇರುವವರೆಗೂ ಆ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಇದನ್ನೂ ಗೈಡ್‌ಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಗೊತ್ತು ಅಂದರು. ಇಲ್ಲೂ ಗಣಿಯ ಷೇರುದಾರರ ಮನೆ ಒಂದು ಥರ, ನಮ್ಮ ಮನೆ ಒಂದು ಥರ ಇತ್ತು, ಆದರೆ ನಿಮಗೆ ಆದದ್ದು ಅದಕ್ಕಿಂತ ಜಾಸ್ತಿ ಅಂದರು.

ಸುರಂಗಕ್ಕೆ ಕರೆದುಕೊಂಡು ಹೋದರು. ಹದಿನೆಂಟನೇ ಶತಮಾನದಲ್ಲಿ ಕೈಯಲ್ಲೇ ಕೊರೆದದ್ದು. ಬೆನ್ನು ಬಾಗಿಸಿಯೇ ನಡೆಯಬೇಕು, ಭುಜ ಎರಡೂ ಕಡೆ ಗೋಡೆಗೆ ತಾಗುತ್ತದೆ. ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಒಂದು ಜಾಗದಲ್ಲಿ ನಿಲ್ಲಿಸಿ ಲೈಟು ಆರಿಸಿದರು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಯಾರೋ ಒಂದು ಮಗು ಅಳೋಕೆ ಶುರು ಮಾಡಿತು, ಬೇಗ ಲೈಟು ಹಾಕಿದರು. ಆ ಅರ್ಧ ನಿಮಿಷ ನನ್ನ ತಲೆಯಲ್ಲಿ ಓಡಿದ್ದು ತಾತನ ಮಾತು. ಚಾಂಪಿಯನ್ ರೀಫ್ ಇಳಿದದ್ದು ಮೂರು ಕಿಲೋಮೀಟರಿಗೂ ಆಳಕ್ಕೆ. ಅಷ್ಟು ಕೆಳಗೆ ಬಂಡೆಯೇ ಸುಡುತ್ತದೆ, ಕೈ ಇಡೋಕೆ ಆಗಲ್ಲ ಅನ್ನುತ್ತಿದ್ದರು. ಭೂಮಿಯ ಒತ್ತಡಕ್ಕೆ ಬಂಡೆ ತಾನಾಗೇ ಸಿಡಿಯೋದು, ರಾಕ್ ಬರ್ಸ್ಟ್. ಸಿಡಿದಾಗ ಮೇಲೆ ಲೈನ್ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವು. ಪಾತ್ರೆ ಅಲುಗಿದರೆ ಅಜ್ಜಿ ಒಲೆ ಬಿಟ್ಟು ಗಣಿ ಬಾಗಿಲಿಗೆ ಓಡುತ್ತಿದ್ದರಂತೆ. ಓಣಿಯ ಹೆಂಗಸರೆಲ್ಲ ಓಡುತ್ತಿದ್ದರಂತೆ.

ಅಲ್ಲಿಂದ ಕಡಲ ಅಂಚಿನ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಲೆವಂಟ್ ಅನ್ನೋ ಇನ್ನೊಂದು ಗಣಿ. ಆ ಗಣಿಯ ಸುರಂಗಗಳು ಸಮುದ್ರದ ತಳದ ಕೆಳಗೆ ಒಂದು ಮೈಲಿಯಷ್ಟು ಹೋಗಿದ್ದವು. ಬಿರುಗಾಳಿಯ ದಿನ ತಲೆಯ ಮೇಲೆ, ಸಮುದ್ರದ ತಳದಲ್ಲಿ, ಬಂಡೆಗಳು ಉರುಳುವ ಸದ್ದು ಕೇಳುತ್ತಿತ್ತಂತೆ. ಕೆಳಗಿಳಿಯೋಕೆ ಅಲ್ಲಿ ‘ಮ್ಯಾನ್ ಎಂಜಿನ್’ ಇತ್ತು. ಮೇಲೆ ಕೆಳಗೆ ಆಡುವ ಒಂದು ಉದ್ದನೆಯ ಕಂಬ, ಅದಕ್ಕೆ ಮೆಟ್ಟಿಲು. ಕಂಬ ಕೆಳಗಿಳಿದಾಗ ಅದರ ಮೇಲೆ ನಿಂತು ಇಳಿಯಬೇಕು, ಪಕ್ಕದ ಕಟ್ಟೆಗೆ ಹಾರಬೇಕು, ಕಂಬ ಮೇಲೆ ಹೋದಾಗ ಅದರ ಮುಂದಿನ ಮೆಟ್ಟಿಲಿಗೆ ಮತ್ತೆ ಹತ್ತಬೇಕು. 1919ರ ಅಕ್ಟೋಬರ್ 20ರಂದು ಅದರ ಮೇಲಿನ ಕೊಂಡಿ ಮುರಿದು 31 ಜನ ಸತ್ತರು. ಸೂರ್ಯ ಇದ್ದ, ಹಳದಿ ಹೂ, ಗುಲಾಬಿ ಬಣ್ಣದ ಪುಟ್ಟ ಹೂ ದಂಡೆ ತುಂಬಾ ಅರಳಿದ್ದವು. ಪ್ರವಾಸಿಗಳು ನಾಯಿ ಹಿಡಿದು ಓಡಾಡುತ್ತಿದ್ದರು. ಇನ್ನೂ ಮುಂದೆ ಬೊಟಾಲಕ್‌ನಲ್ಲಿ ಬಂಡೆಯ ಅಂಚಿಗೆ ಅಂಟಿಕೊಂಡು, ಕೆಳಗೆ ಅಲೆ ಬಡಿಯುವ ಜಾಗದಲ್ಲಿ, ಎರಡು ಎಂಜಿನ್ ಮನೆಗಳು ನಿಂತಿವೆ. ಕಲ್ಲಿನ ಕಟ್ಟಡ, ಪಕ್ಕದಲ್ಲಿ ಚಿಮಣಿ. ಹಬೆಯ ಎಂಜಿನ್ ಇಟ್ಟು ಒಂದರಲ್ಲಿ ಗಣಿಗೆ ನುಗ್ಗುವ ನೀರನ್ನು, ಇನ್ನೊಂದರಲ್ಲಿ ಅದಿರನ್ನು ಎತ್ತುತ್ತಿದ್ದ ಮನೆಗಳು ಅವು. ಅಲ್ಲೇ ಆರ್ಸೆನಿಕ್ ಸಂಗ್ರಹಿಸುತ್ತಿದ್ದ ಕಟ್ಟಡದ ಗೋಡೆಗಳೂ ಉಳಿದಿವೆ. ಅದನ್ನು ನೋಡಿದಾಗ ನಮ್ಮ ಸೈನೈಡ್ ಗುಡ್ಡಗಳ ನೆನಪಾಯಿತು. ಚಿನ್ನ ತೆಗೆದು ಬಿಟ್ಟ ಬೂದು ಬಣ್ಣದ ಪುಡಿಯ ಗುಡ್ಡಗಳು. ಬೇಸಿಗೆಯ ಗಾಳಿಗೆ ಆ ಪುಡಿ ಹಾರಿ ಬಂದು ಅನ್ನದ ತಟ್ಟೆಗೂ ಬೀಳುತ್ತದೆ. ಅವರಿಗೆ ಒಂದು ವಿಷ, ನಮಗೆ ಇನ್ನೊಂದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸುರಂಗವೂ ಅಲ್ಲ, ಕಡಲೂ ಅಲ್ಲ. ಗೀವರ್‌ನಲ್ಲಿ ‘ಡ್ರೈ’ ಅಂತ ಒಂದು ಕಟ್ಟಡ ಇದೆ. ಕೆಲಸದವರು ಬಟ್ಟೆ ಬದಲಾಯಿಸಿ ಸ್ನಾನ ಮಾಡುತ್ತಿದ್ದ ಜಾಗ. ಗಣಿ ಮುಚ್ಚಿದ ದಿನ ಹೇಗೆ ಬಿಟ್ಟುಹೋದರೋ ಹೆಚ್ಚುಕಮ್ಮಿ ಹಾಗೇ ಇಟ್ಟಿದ್ದಾರೆ. ಸಾಲಾಗಿ ಲಾಕರ್‌ಗಳು. ಬಾಗಿಲ ಮೇಲೆ ಅಂಟಿಸಿದ ಸ್ಟಿಕ್ಕರ್. ಕೊಕ್ಕೆಯಲ್ಲಿ ಕೆಮ್ಮಣ್ಣು ಮೆತ್ತಿದ ಬಟ್ಟೆ. ಬೂಟು. ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ. ಬಂದವರು ಬರುತ್ತಿದ್ದರು, ಫೋಟೋ ತೆಗೆದು ಹೋಗುತ್ತಿದ್ದರು. ನಾನು ಹಗ್ಗದ ಈಚೆ ನಿಂತು ಒಬ್ಬೊಬ್ಬರ ಲಾಕರ್ ನೋಡುತ್ತಿದ್ದೆ.

ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನನಗೆ ಮೂರು ವರ್ಷ. ಅಪ್ಪನಿಗೆ ಮೂವತ್ತೆರಡು. ನಮ್ಮ ಮನೆಯಲ್ಲಿ ಆ ದಿನದಿಂದ ಉಳಿದಿರುವುದು ಅಪ್ಪನ ನಂಬರ್ ಇರುವ ಒಂದು ಹಿತ್ತಾಳೆ ಬಿಲ್ಲೆ. ಬೀರುವಿನಲ್ಲಿ ಅಮ್ಮನ ಒಡವೆ ಡಬ್ಬಿಯ ಜೊತೆ ಇದೆ. ಒಮ್ಮೆಯೂ ಅಪ್ಪ ಅದನ್ನು ತೆಗೆದು ತೋರಿಸಿದವರಲ್ಲ. ಗಣಿಯ ಮಾತನ್ನೂ ಆಡುತ್ತಿರಲಿಲ್ಲ. ಮಾತಾಡುತ್ತಿದ್ದವರು ತಾತ, ಅದೂ ಕೆಮ್ಮಿನ ನಡುವೆ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಕೆಮ್ಮು. ಅದಕ್ಕೆ ಸಿಲಿಕೋಸಿಸ್ ಅಂತ ಹೆಸರು ಅನ್ನೋದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಅಪ್ಪ ಮಾತ್ರ ಮಾರ್ಚ್ ತಿಂಗಳಲ್ಲೇ ರೈಲು ಹತ್ತಿದರು. ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಂಗಾರಪೇಟೆಗೆ ಮನೆ ಬದಲಾಯಿಸಿದೆವು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು, ಬೆಳಗ್ಗೆ ಹೋಗುವುದು, ರಾತ್ರಿ ಬರುವುದು. ಕೆಜಿಎಫ್‌ನಿಂದ ಹೀಗೆ ಸಾವಿರಾರು ಜನ ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಆ ರೈಲಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತವರಿದ್ದಾರೆ.

ಡ್ರೈ ಒಳಗಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಭಾನುವಾರ, ಅಲ್ಲಿ ರಾತ್ರಿಯಾಗಿತ್ತು, ಊಟಕ್ಕೆ ಕೂತಿದ್ದರು. ಫೋನ್ ತಿರುಗಿಸಿ ಲಾಕರ್ ತೋರಿಸಿದೆ, ಬಟ್ಟೆ ತೋರಿಸಿದೆ. ಅಪ್ಪ ಮುದ್ದೆ ಮುರಿಯೋದು ನಿಲ್ಲಿಸಿದರು. ಅಮ್ಮ ಏನದು ಏನದು ಅಂತ ಪಕ್ಕಕ್ಕೆ ಬಂದರು. ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ನೀರು ಎತ್ತುತಾವ್ರಾ ಇನ್ನೂ?”

ಇಲ್ಲಪ್ಪ, ಇಲ್ಲೂ ಪಂಪ್ ನಿಲ್ಲಿಸಿಬಿಟ್ಟಿದ್ದಾರೆ, ಕೆಳಗೆಲ್ಲ ನೀರು ತುಂಬಿದೆಯಂತೆ ಅಂದೆ. ಹೂಂ ಅಂದರು. ಪಕ್ಕದಲ್ಲಿದ್ದ ಗೈಡ್ ಅಪ್ಪ ಏನಂದರು ಅಂತ ಕೇಳಿದರು. ಹೇಳಿದೆ. ಅವರೂ ಹೂಂ ಅಂದರು, ಅದೇ ಥರ. ಗಣಿ ಮುಚ್ಚಿತು ಅಂತ ಬೇರೆಯವರು ಹೇಳುವ ದಿನ ಬೇರೆ, ಪಂಪ್ ನಿಂತ ದಿನವೇ ನಮಗೆ ಮುಚ್ಚಿದ ದಿನ ಅಂತ ಅವರು ಹೇಳಿದರು. ನೀರು ತುಂಬಿದ ಮೇಲೆ ಮತ್ತೆ ಇಳಿಯುವ ಆಸೆ ಉಳಿಯಲ್ಲ. ಅಪ್ಪನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಹೌದು ಅಂತ ಹೇಳಮ್ಮ ಅವರಿಗೆ ಅಂದರು. ಇಬ್ಬರೂ ಫೋನಿನಲ್ಲಿ ಒಬ್ಬರನ್ನೊಬ್ಬರು ನೋಡಿ ಕೈ ಎತ್ತಿದರು.

ಸೇಂಟ್ ಐವ್ಸ್‌ಗೆ ನಾನು ಹೋಗಲೇ ಇಲ್ಲ. ಕೊನೇ ಬಸ್ಸು ಹಿಡಿದು ಪೆನ್‌ಜಾನ್ಸ್‌ಗೆ ಬಂದೆ. ಗೆಳೆಯರು ಅಲ್ಲೇ ಕಾಯುತ್ತಿದ್ದರು.

ಊರಿಗೆ ಬಂದ ಮೇಲೆ ಅಪ್ಪನನ್ನು ಕೇಳಿದೆ, ಒಂದು ಭಾನುವಾರ ಕೆಜಿಎಫ್ ನೋಡೋಕೆ ಹೋಗೋಣ್ವಾ ಅಂತ. ಅಲ್ಲಿ ನೋಡೋಕೆ ಏನಿದೆ ಅಂದರು. ಎರಡು ವಾರ ಬಿಟ್ಟು ತಾವಾಗೇ, ನಾಳೆ ರಜ, ಬಾ ಅಂದರು. ರೈಲು ಹತ್ತಿದೆವು. ಬೆಮೆಲ್ ನಗರ, ಕೋರಮಂಡಲ್, ಊರಿಗಾಂ. ಊರಿಗಾಂನಲ್ಲಿ ಇಳಿದು ನಡೆದೆವು. ಅಪ್ಪ ಮುಂದೆ, ನಾನು ಹಿಂದೆ. ಈ ಗಣಿಗೆ ಕರೆಂಟು ಬಂದದ್ದು ಕಾವೇರಿಯಿಂದ ಗೊತ್ತಾ ಅಂದರು. ಗೊತ್ತು, ನಮಗೆ ಕ್ಲಾಸಿನಲ್ಲೇ ಬಂದಿತ್ತು. 1902ರಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ. ಆದರೂ ಅಪ್ಪ ಹೇಳಲಿ ಅಂತ ಸುಮ್ನೆ ಕೇಳಿಸಿಕೊಂಡೆ. ಜೀವನದಲ್ಲಿ ಅಪ್ಪ ಅಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. ಇಲ್ಲಿ ಲ್ಯಾಂಪ್ ರೂಮ್. ಇಲ್ಲಿ ಸೈರನ್. ಇಲ್ಲಿ ನಿಮ್ಮ ತಾತ ಟೀ ಕುಡಿಯುತ್ತಿದ್ದ ಅಂಗಡಿ, ಈಗಿಲ್ಲ. ತಾತ ಇಳಿಯುತ್ತಿದ್ದ ಚಾಂಪಿಯನ್ ರೀಫ್‌ನ ಆಳದಲ್ಲೇ ವಿಜ್ಞಾನಿಗಳು 1965ರಲ್ಲಿ ನ್ಯೂಟ್ರಿನೊ ಅನ್ನೋ ಅತಿ ಸೂಕ್ಷ್ಮ ಕಣ ಹಿಡಿದದ್ದು ಅನ್ನುವುದೂ ಅಪ್ಪನಿಗೆ ಗೊತ್ತಿತ್ತು. ತಾತ ಹೇಳಿದ್ದರಂತೆ, ಏನೋ ಕಣ್ಣಿಗೆ ಕಾಣದ್ದನ್ನು ಹುಡುಕೋಕೆ ಬಂದಿದ್ದಾರೆ ಅಂತ. ನಾವು ಓಡಾಡಿದ ಕಡೆ ಇದರ ಬಗ್ಗೆ ಒಂದು ಬೋರ್ಡೂ ನನಗೆ ಕಾಣಲಿಲ್ಲ. ಜಾಲಿ ಗಿಡ, ತುಕ್ಕು ಹಿಡಿದ ತಗಡು, ಬೇಲಿ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಒಂದು ಕೊಠಡಿ, ಒಂದು ಸಾಲು ಲಾಕರ್, ಲಾಕರ್ ಯಾರದ್ದು ಅಂತ ಹೇಳೋಕೆ ಅಪ್ಪನಂಥ ಒಬ್ಬ ಮನುಷ್ಯ, ಇಷ್ಟು ಸಾಕು ಅಲ್ವಾ? ಇಷ್ಟಾದರೂ ಮಾಡಬಹುದು. ಆ ಮನುಷ್ಯರು ಇನ್ನೂ ಬದುಕಿದ್ದಾರೆ, ರೈಲಲ್ಲಿ ದಿನಾ ಹೋಗಿ ಬರುತ್ತಿದ್ದಾರೆ.

ಗೇಟಿನ ಹತ್ತಿರ ಬೀಗ ಹಾಕಿತ್ತು. ಹುಡುಗ, ಇಪ್ಪತ್ತೆರಡಿರಬಹುದು, ಕಾವಲಿಗೆ ಕೂತಿದ್ದ. ಒಳಗೆ ಬಿಡಲ್ಲ ಸಾರ್ ಅಂದ. ಮರ್ಯಾದೆಯಿಂದಲೇ ಹೇಳಿದ. ಅಪ್ಪ ಬೇಲಿ ಹಿಡಿದು ಗೋಪುರ ನೋಡುತ್ತಾ ನಿಂತರು. ಆ ಹುಡುಗನಿಗೂ ಬೇಜಾರಾಯಿತು ಅನ್ನಿಸುತ್ತದೆ, ಎದ್ದು ಬಂದು ಕೇಳಿದ.

“ಎಲ್ಲಿಂದ ಬಂದ್ರಿ ಸಾರ್, ನೋಡೋಕಾ?”

ಅಪ್ಪ ಜೇಬಿಗೆ ಕೈ ಹಾಕಿದರು. ಬಿಲ್ಲೆ ತಂದಿದ್ದು ನನಗೆ ಗೊತ್ತೇ ಇರಲಿಲ್ಲ. ಬೇಲಿಯ ಸಂದಿಯಿಂದ ಅವನ ಅಂಗೈಗೆ ಇಟ್ಟರು. ಅವನು ಅದನ್ನು ತಿರುಗಿಸಿ, ಬೆರಳಲ್ಲಿ ಒರೆಸಿ, ನಂಬರನ್ನು ಜೋರಾಗಿ ಓದಿದ.

“ಹಾಜರ್” ಅಂದರು ಅಪ್ಪ.